ಯಾವ ಗ್ರೂಪು ಅಂತ ನಮ್ಮನ್ನು ಕೇಳಿದವರು ಯಾರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎಷ್ಟು ಬಂತು?" ಅದಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎರಡನೇ ಪ್ರಶ್ನೆ ಕಾಲೇಜಿನ ಕಿಟಕಿಯಿಂದ ಬರುತ್ತದೆ: "ಯಾವ ಗ್ರೂಪು?" ಒಳಗೆ ಕೂತ ಗುಮಾಸ್ತ ತಲೆ ಎತ್ತದೆ ಕೇಳುತ್ತಾನೆ. ಹಿಂದೆ ಉದ್ದದ ಸಾಲು. ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದು, ಟವೆಲು ಹೆಗಲ ಮೇಲೆ ಹಾಕಿಕೊಂಡು ಗೋಡೆ ಪಕ್ಕ ನಿಂತಿದ್ದಾನೆ. ಅರ್ಧ ನಿಮಿಷದಲ್ಲಿ ಹುಡುಗ "ಆರ್ಟ್ಸ್ ಸಾರ್" ಅಂತಾನೆ. ಮುಂದಿನ ನಲವತ್ತು ವರ್ಷದ ಬದುಕು ಆ ಅರ್ಧ ನಿಮಿಷದಲ್ಲಿ ತೀರ್ಮಾನವಾಗಿ ಹೋಗುತ್ತದೆ.

ಆ ಮಾತು ಆಡಿದವನು ಆ ಹುಡುಗನೇನಾ? ಅಥವಾ ಅವನ ಬಾಯಲ್ಲಿ ಇನ್ಯಾರೋ ಆಡಿಸಿದರಾ? ಈ ಸಲ ನಾವು ಕೇಳಬೇಕಾದ ಪ್ರಶ್ನೆ ಇದು.

ಒಂದು ರಾತ್ರಿ ಊಟ ಆದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಹದಿನಾಲ್ಕು ಜನ ಕೂತಿದ್ದೆವು. ಕರೆಂಟು ಹೋಗಿತ್ತು, ಓದುವ ಹಾಗಿರಲಿಲ್ಲ. 'ನೀನು ಈ ಗ್ರೂಪು ಯಾಕೆ ತಗೊಂಡೆ' ಅಂತ ಒಬ್ಬೊಬ್ಬರೂ ಹೇಳಬೇಕು ಅಂತಾಯಿತು. ಒಬ್ಬ ಹೇಳಿದ: "ಆ ಕಾಲೇಜಿನ ಮುಂದೇನೇ ನಮ್ಮೂರ ಬಸ್ಸು ನಿಲ್ತದೆ." ಇನ್ನೊಬ್ಬ: "ನಮ್ಮ ಚಿಕ್ಕಪ್ಪನ ಮಗ ಅದನ್ನೇ ಓದಿದ್ದ, ಅವನ ಹಳೇ ಪುಸ್ತಕ ಇದ್ದವು." ಮತ್ತೊಬ್ಬ: "ಸೈನ್ಸ್ ಅಂದ್ರೆ ಟ್ಯೂಷನ್ ಬೇಕು ಅಂದರು, ಟ್ಯೂಷನ್ ದುಡ್ಡು ಎಲ್ಲಿಂದ ತರೋದು?" ಇನ್ನೊಬ್ಬನಿಗೆ ಮೇಷ್ಟ್ರೇ ಹೇಳಿದ್ದರಂತೆ: "ನಿಂಗ್ಯಾಕೋ ಸೈನ್ಸು? ಸುಮ್ನೆ ಆರ್ಟ್ಸ್ ತಗೊಂಡು ಯಾವುದಾದ್ರೂ ಕೆಲಸ ಹಿಡಿ." ಅವನ ಪಕ್ಕದಲ್ಲಿ ಕೂತವನದು ಉಲ್ಟಾ ಕತೆ: "ತೊಂಬತ್ತು ಪರ್ಸೆಂಟ್ ಬಂದಿತ್ತು. ಎಲ್ಲರೂ ಸೇರಿ ಸೈನ್ಸಿಗೆ ನೂಕಿದರು. ನನಗೆ ಇತಿಹಾಸ ಅಂದ್ರೆ ಪ್ರಾಣ." ಹದಿನಾಲ್ಕು ಜನರಲ್ಲಿ 'ನನಗೆ ಬೇಕು ಅಂತ ತಗೊಂಡೆ' ಅಂದವರು ಇಬ್ಬರೇ ಇಬ್ಬರು.

ಕತ್ತಲಲ್ಲಿ ಯಾರೂ ನಗಲಿಲ್ಲ.

ನಮ್ಮ ಊರುಗಳಲ್ಲಿ ತಮಟೆ ಯಾರು ಬಡೀಬೇಕು, ಸತ್ತ ದನ ಯಾರು ಎಳೀಬೇಕು, ಗುಂಡಿ ಯಾರು ತೋಡಬೇಕು ಅಂತ ನಮ್ಮನ್ನು ಯಾರೂ ಯಾವತ್ತೂ ಕೇಳಲಿಲ್ಲ. ಹುಟ್ಟಿದ ಕೂಡಲೇ ಕಸುಬು ಗೊತ್ತುಮಾಡಿ ಇಟ್ಟಿದ್ದರು. ಜಾತಿ ಅಂದರೆ ಏನು? ಒಬ್ಬನ ಕೆಲಸವನ್ನು ಅವನನ್ನು ಕೇಳದೆ ಇನ್ನೊಬ್ಬ ಆರಿಸುವುದೇ ಜಾತಿ. ಅದನ್ನು ಒಡೆಯಲಿಕ್ಕೇ ನಾವು ಶಾಲೆಗೆ ಬಂದದ್ದು. ಶಾಲೆ ಮುಗಿಸಿ ಕಾಲೇಜಿನ ಕಿಟಕಿ ಮುಂದೆ ನಿಂತಾಗಲೂ ಆರಿಸುವವನು ಬೇರೆಯವನೇ ಆದರೆ ನಾವು ದಾಟಿದ್ದಾದರೂ ಏನನ್ನು?

ಬಾಬಾಸಾಹೇಬರ ಶಾಲೆಯ ದಿನಗಳನ್ನು ನೆನೆಯೋಣ. ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು. ಅಸ್ಪೃಶ್ಯನ ಮಗನಿಗೆ ಸಂಸ್ಕೃತ ಹೇಳಿಕೊಡುವುದಿಲ್ಲ ಅಂದರು. ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ವಿಷಯ ಆರಿಸುವ ಹಕ್ಕು ಅವರಿಂದ ಕಿತ್ತುಕೊಂಡದ್ದು ಹಾಗೆ. ಅವರು ಅಲ್ಲಿಗೇ ಬಿಟ್ಟರೇನು? ಮುಂದೆ ಸಂಸ್ಕೃತವನ್ನು ತಾವೇ ಕಲಿತರು. 1907ರಲ್ಲಿ ಮೆಟ್ರಿಕ್ ಮುಗಿಸಿ, 1912ರಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಬಿ.ಎ. ಪಡೆದರು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾಕ್ಕೆ, 1916ರಲ್ಲಿ ಲಂಡನ್ನಿಗೆ ಹೋದರು. 1917ರಲ್ಲಿ ವೇತನದ ಅವಧಿ ಮುಗಿದು ಓದು ಅರ್ಧಕ್ಕೆ ನಿಂತಿತು, ಊರಿಗೆ ವಾಪಸು ಬಂದರು. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟರು, ಸಾಲ ಮಾಡಿದರು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಬಿಟ್ಟ ಓದು ಮುಗಿಸಿದರು. ರೂಪಾಯಿಯ ಸಮಸ್ಯೆಯ ಮೇಲೆ ಬರೆದು 1923ರಲ್ಲಿ ಡಿ.ಎಸ್ಸಿ. ಪಡೆದರು, ಬ್ಯಾರಿಸ್ಟರೂ ಆದರು. ಈ ದೇಶದ ದುಡ್ಡು ಯಾರ ಕೈಯಲ್ಲಿ ತಿರುಗುತ್ತದೆ, ಕಾನೂನು ಯಾರ ಪರ ನಿಲ್ಲುತ್ತದೆ ಅಂತ ತಿಳಿಯುವ ಓದನ್ನೇ ಅವರು ಹಿಡಿದರು. ಅದು ಅವರ ಹತ್ಯಾರವಾಯಿತು. ಇದರಲ್ಲಿ ನಮಗೆ ಎರಡು ಪಾಠ ಇವೆ. ಒಂದು, ಯಾಕೆ ಓದುತ್ತೇವೆ ಅಂತ ಗೊತ್ತಿದ್ದರೆ ಏನು ಓದಬೇಕು ಅನ್ನೋದು ತಿಳಿಯುತ್ತದೆ. ಎರಡು, ಮಧ್ಯದಲ್ಲಿ ನಿಂತ ಓದು ಸತ್ತ ಓದಲ್ಲ.

ಈಗ ನಮ್ಮ ಮೇಲೆ ಹೇರಿರುವ ಎರಡು ಸುಳ್ಳುಗಳ ವಿಚಾರಕ್ಕೆ ಬರೋಣ.

ಮೊದಲನೆಯ ಸುಳ್ಳು: "ಸೈನ್ಸು, ಗಣಿತ ನಿಮ್ಮ ತಲೆಗೆ ಹತ್ತೋದಲ್ಲ." ಇದನ್ನು ಈಗ ಬಾಯಿಬಿಟ್ಟು ಹೇಳುವವರು ಕಡಿಮೆಯಾಗಿದ್ದಾರೆ. "ಕಷ್ಟ ಆಗುತ್ತಪ್ಪ" ಅಂತ ಮೆತ್ತಗೆ ಹೇಳುತ್ತಾರೆ. ಕಷ್ಟ ಇರುವುದು ಎಲ್ಲಿ? ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗನ ಮುಂದೆ ಪಿಯುಸಿಯ ಮೊದಲ ದಿನವೇ ಇಂಗ್ಲಿಷಿನ ಭೌತಶಾಸ್ತ್ರ ಸುರಿಯುತ್ತಾರೆ. 'ವೇಗೋತ್ಕರ್ಷ' ಗೊತ್ತಿದ್ದವನಿಗೆ 'ಆಕ್ಸಲರೇಷನ್' ಅಂದಾಗ ಎರಡೂ ಒಂದೇ ಅಂತ ಹೇಳುವವರು ಯಾರೂ ಇಲ್ಲ. ಮೊದಲ ಟೆಸ್ಟಿನಲ್ಲಿ ಫೇಲಾಗುತ್ತಾನೆ. ತಲೆ ಇಲ್ಲ ಅಂದುಕೊಳ್ಳುತ್ತಾನೆ. ತಲೆ ಇದೆಯಪ್ಪ, ಇಲ್ಲದ್ದು ಭಾಷೆಯ ಸೇತುವೆ. ನಮ್ಮ ರೂಮಿನ ಒಬ್ಬ ಗೆಳೆಯ ಹಾಗೆ ಫೇಲಾಗಿ ಗಂಟುಮೂಟೆ ಕಟ್ಟಿದ್ದ. ಹಿರಿಯ ವಿದ್ಯಾರ್ಥಿಯೊಬ್ಬರು ಅವನನ್ನು ಕೂರಿಸಿಕೊಂಡು ಎರಡು ತಿಂಗಳು ದಿನಕ್ಕೆ ಹತ್ತು ಪದದಂತೆ ಕನ್ನಡ-ಇಂಗ್ಲಿಷ್ ಎರಡರಲ್ಲೂ ಬರೆಸಿದರು. ಆ ಹುಡುಗ ಇವತ್ತು ಬಿ.ಎಸ್ಸಿ. ಓದುತ್ತಿದ್ದಾನೆ, ಗಣಿತ ಅವನ ಐಚ್ಛಿಕ ವಿಷಯ.

ಎರಡನೆಯ ಸುಳ್ಳು ಇದಕ್ಕಿಂತ ಹೊಸದು: "ಆರ್ಟ್ಸ್ ಅಂದರೆ ದಂಡ. ಮಾರ್ಕ್ಸ್ ಬಂದವರೆಲ್ಲ ಇಂಜಿನಿಯರಿಂಗು, ಅದರಲ್ಲೂ ಕಂಪ್ಯೂಟರು." ಈ ಮಾತನ್ನು ನಮ್ಮವರೂ ನಂಬಿದ್ದಾರೆ. ಗೆಳೆಯರೇ, ಬಾಬಾಸಾಹೇಬರು ಓದಿದ್ದು ಬಿ.ಎ. ಕಣ್ರಪ್ಪ! ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದವರು. ಕವಿ ಸಿದ್ಧಲಿಂಗಯ್ಯನವರು ನಮ್ಮ ಹಾಗೇ ಹಾಸ್ಟೆಲ್ ಅನ್ನ ಉಂಡು ಕನ್ನಡ ಎಂ.ಎ. ಮಾಡಿದವರು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಗಲಾಟೆ ಎದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಹೊತ್ತಿಗೆ ಎದುರು ನಿಂತು ಉತ್ತರ ಕೊಟ್ಟವರಲ್ಲಿ ಸಾಹಿತ್ಯ ಓದಿದವರೂ ಇದ್ದರು. ಹಾಗಾದರೆ ಆರ್ಟ್ಸ್ ದಂಡವೋ? ದಂಡ ಆಗುವುದು ಗುರಿ ಇಲ್ಲದೆ, ಪುಸ್ತಕ ಮುಟ್ಟದೆ, ಹಾಜರಿ ಹಾಕಿಸಿಕೊಂಡು ಬರುವ ಓದು. ಅದು ಸೈನ್ಸ್ ಆದರೂ ದಂಡವೇ.

ಈ ಎರಡು ಸುಳ್ಳುಗಳಿಗೂ ಅಪ್ಪ ಒಬ್ಬನೇ. ಒಂದು ನಮ್ಮನ್ನು ಬಾಗಿಲಲ್ಲೇ ತಡೆಯುತ್ತದೆ, ಇನ್ನೊಂದು ಕುತ್ತಿಗೆ ಹಿಡಿದು ಒಳಗೆ ನೂಕುತ್ತದೆ. ನಿನಗೆ ಏನು ಬೇಕು ಅಂತ ಎರಡೂ ಕೇಳುವುದಿಲ್ಲ.

ಇನ್ನು ಪಿಯುಸಿ ಆದ ಮೇಲಿನ ಕತೆ. ಅಲ್ಲಿ ಕಿಟಕಿಯೂ ಇಲ್ಲ, ಗುಮಾಸ್ತನೂ ಇಲ್ಲ, ಕಂಪ್ಯೂಟರು ಇದೆ. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಇನ್ನು ಮೋಸ ಇಲ್ಲ ಅಂದುಕೊಂಡೆವು. ನಮ್ಮಲ್ಲೊಬ್ಬನಿಗೆ ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕೇ ಬಂದಿತ್ತು. ಆಪ್ಷನ್ ಎಂಟ್ರಿ ಬಂದದ್ದು ರಜೆಯಲ್ಲಿ. ಹಾಸ್ಟೆಲ್ ಖಾಲಿಯಾಗಿ ಹುಡುಗ ಊರಿಗೆ ಹೋಗಿದ್ದ. ಊರಲ್ಲಿ ನೆಟ್‌ವರ್ಕ್ ಬೇಕು ಅಂದರೆ ನೀರಿನ ಟ್ಯಾಂಕ್ ಹತ್ತಬೇಕು. ಪೇಟೆಯ ಸೈಬರ್ ಸೆಂಟರಿಗೆ ಹೋದ. ಅಲ್ಲಿ ಜನವೋ ಜನ. ಸೈಬರಿನವನು "ನೀನು ಕೂತ್ಕೋ, ನಾನೇ ಹಾಕ್ತೀನಿ" ಅಂದು ಪರದೆ ಮೇಲೆ ಯಾವುದು ಮೊದಲು ಬಂತೋ ಅದನ್ನೇ ಒಂದು, ಎರಡು, ಮೂರು ಅಂತ ಒತ್ತಿದ. ಪಾಸ್‌ವರ್ಡೂ ಅವನ ಹತ್ತಿರವೇ ಉಳಿಯಿತು. ಜಿಲ್ಲೆಯ ಸರ್ಕಾರಿ ಕಾಲೇಜು ಸಿಗಬಹುದಾಗಿದ್ದವನಿಗೆ ಕಂಡು ಕೇಳರಿಯದ ಊರಿನ ಖಾಸಗಿ ಕಾಲೇಜು ಬಂತು, ಅವನಿಗೆ ಬೇಡವಾದ ವಿಭಾಗದಲ್ಲಿ. ಆ ಊರಲ್ಲಿ ಹಾಸ್ಟೆಲ್ ಸೀಟು ಸಿಗಲಿಲ್ಲ. ಒಂದು ವರ್ಷ ಎಳೆದು ಬಿಟ್ಟು ಬಂದ. ಬಿಡುವಾಗ ಬಾಕಿ ಕಟ್ಟು ಅಂತ ಅಸಲು ಮಾರ್ಕ್ಸ್ ಕಾರ್ಡುಗಳನ್ನು ಹಿಡಿದಿಟ್ಟುಕೊಂಡರು. ಅವನು ಈಗ ಗಾರೆ ಕೆಲಸಕ್ಕೆ ಹೋಗುತ್ತಿದ್ದಾನೆ.

ಅವನ ಓದನ್ನು ಆರಿಸಿದವರು ಯಾರು? ಸೈಬರ್ ಸೆಂಟರಿನವನು. ಐದು ನಿಮಿಷಕ್ಕೆ ನೂರು ರೂಪಾಯಿ.

ಆದ್ದರಿಂದ ಈ ಯಂತ್ರ ಹೇಗೆ ನಡೆಯುತ್ತದೆ ಅಂತ ನಾವೇ ತಿಳಿದಿರಬೇಕು. ಹಿಂದೆ ಶಾನುಭೋಗರ ಪಹಣಿ ಓದಲು ಬಾರದೆ ನಮ್ಮವರು ಭೂಮಿ ಕಳಕೊಂಡರು. ಈಗ ಪರದೆ ಓದಲು ಬಾರದೆ ಸೀಟು ಕಳಕೊಳ್ಳಬಾರದು. ಮುಖ್ಯವಾದವನ್ನು ಬರೆಯುತ್ತೇವೆ, ರೂಮಿನ ಗೋಡೆಗೆ ಅಂಟಿಸಿಕೊಳ್ಳಿ.

ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾರೆ. ನಿನ್ನ ರ್‍ಯಾಂಕಿಗೆ ಸಿಗುವ ಮೊದಲನೆಯದು ಯಾವುದೋ ಅದನ್ನು ಕೊಟ್ಟು ನಿಲ್ಲುತ್ತಾರೆ. ಅದಕ್ಕೇ ನಿಜವಾಗಿ ಬೇಕಾದದ್ದನ್ನು ಎಲ್ಲಕ್ಕಿಂತ ಮೇಲೆ ಹಾಕು. 'ನಂಗೆಲ್ಲಿ ಸಿಗ್ತದೆ' ಅಂತ ಹೆದರಿ ಕೆಳಗೆ ಹಾಕಬೇಡ. ಸಿಗದಿದ್ದರೆ ಕೆಳಗಿನದು ಸಿಗುತ್ತದೆ, ಮೇಲೆ ಹಾಕಿದ್ದರಿಂದ ಏನೂ ನಷ್ಟವಿಲ್ಲ. ಬೇಡವೇ ಬೇಡ ಅನ್ನುವುದನ್ನು ಪಟ್ಟಿಯಲ್ಲೇ ಸೇರಿಸಬೇಡ. ಅಣಕು ಹಂಚಿಕೆ ಬಂದಾಗ ನೋಡಿ ಪಟ್ಟಿ ತಿದ್ದಿಕೊಳ್ಳಲು ಅವಕಾಶ ಕೊಡುತ್ತಾರೆ, ಆ ದಿನ ತಪ್ಪಿಸಿಕೊಳ್ಳಬೇಡ.

ಜನರಲ್ ಮೆರಿಟ್ ಅಂದರೆ ಮೇಲ್ಜಾತಿಯವರ ಕೋಟಾ ಅಲ್ಲ. ಅದು ಎಲ್ಲರಿಗೂ ತೆರೆದದ್ದು. ರ್‍ಯಾಂಕು ಇದ್ದರೆ ಅಲ್ಲೂ ನಮ್ಮ ಹುಡುಗಿ, ನಮ್ಮ ಹುಡುಗ ಸೀಟು ಪಡೆಯಬಹುದು. ಪರಿಶಿಷ್ಟ ಜಾತಿಯ ಸೀಟುಗಳ ಒಳಗೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪಾಲು ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೂ, ಕನ್ನಡದಲ್ಲಿ ಓದಿದ್ದಕ್ಕೂ ವ್ಯಾಸಂಗ ಪ್ರಮಾಣಪತ್ರ ತರಬೇಕು. ಗ್ರಾಮೀಣ ಪತ್ರಕ್ಕೆ ಬಿಇಓ ಸಹಿಯೂ ಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ 371(ಜೆ) ಇದೆ. ಜಾತಿ, ಆದಾಯದ ಪತ್ರಗಳ ಆರ್‌ಡಿ ನಂಬರು ಮತ್ತು ಹೆಸರಿನ ಅಕ್ಷರ ಮಾರ್ಕ್ಸ್ ಕಾರ್ಡಿನೊಂದಿಗೆ ಹೊಂದುತ್ತವೋ ಇಲ್ಲವೋ ಜನವರಿಯಲ್ಲೇ ನೋಡು. ಮೇ ತಿಂಗಳಲ್ಲಿ ನಾಡಕಚೇರಿ ಮುಂದೆ ಅಳುವುದು ಬೇಡ.

ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಕೃಷಿ, ಪಶುವೈದ್ಯಕ್ಕೂ ಸಿಇಟಿಯೇ ದಾರಿ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರುವ ದಾರಿಯೂ ಇದೆ. ಮನೆಯಲ್ಲಿ ಕಾಯುವ ಶಕ್ತಿ ಕಡಿಮೆ ಇದ್ದವನಿಗೆ ಅದು ಒಳ್ಳೆಯ ದಾರಿ. ಮಧ್ಯದಲ್ಲಿ ನಿಂತರೂ ಕೈಯಲ್ಲಿ ಒಂದು ಕಸುಬಿರುತ್ತದೆ.

ದುಡ್ಡಿನ ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯಾರ ದಯೆಯೂ ಅಲ್ಲ, ಅದು 1944ರಿಂದ ಬಂದ ನಮ್ಮ ಹಕ್ಕು. ಕೇಂದ್ರದ ಪಾಲು ಈಗ ನೇರ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ. ಆಧಾರ್ ಜೋಡಣೆ ಆಗದ ಖಾತೆಗೆ ಬೀಳುವುದಿಲ್ಲ, ಬ್ಯಾಂಕಿಗೆ ಹೋಗಿ ಕೇಳಿ ಮಾಡಿಸಿಕೋ. "ನಮ್ಮ ಕಾಲೇಜಿಗೆ ಬಾ, ಎಲ್ಲಾ ಫ್ರೀ, ಸರ್ಕಾರ ಕಟ್ಟುತ್ತೆ" ಅಂತ ಹಟ್ಟಿಗೇ ಬರುವ ಏಜೆಂಟರನ್ನು ನಂಬಬೇಡ. ಮ್ಯಾನೇಜ್‌ಮೆಂಟ್ ಸೀಟಿಗೆ ಅವರು ಕೇಳಿದಷ್ಟು ಶುಲ್ಕವನ್ನು ಯಾವ ಸರ್ಕಾರವೂ ಕಟ್ಟುವುದಿಲ್ಲ. ಅದು ನಿನ್ನ ಅಪ್ಪನ ತಲೆ ಮೇಲೆ ಸಾಲವಾಗಿ ಕೂರುತ್ತದೆ.

ಸೀಟು ಬಂದರೂ ಅದು ಹೇಗೆ ಕೈಜಾರುತ್ತದೆ ಅನ್ನುವುದಕ್ಕೆ 2024ರಲ್ಲಿ ನಡೆದದ್ದನ್ನು ಕೇಳಿ. ಉತ್ತರಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಒಬ್ಬ ದಲಿತ ಹುಡುಗನಿಗೆ ಧನಬಾದಿನ ಐಐಟಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೀಟು ಬಂತು. ಅಪ್ಪ ದಿನಗೂಲಿ. ಸೀಟು ಉಳಿಸಿಕೊಳ್ಳಲು 17,500 ರೂಪಾಯಿ ಕಟ್ಟಬೇಕಿತ್ತು. ಊರವರು ಕೈಗೂಡಿಸಿ ದುಡ್ಡು ಹೊಂದಿಸುವಷ್ಟರಲ್ಲಿ ಗಡುವು ಮುಗಿಯಿತು, ಪರದೆ ಮುಚ್ಚಿಕೊಂಡಿತು. ಸೀಟು ಹೋಯಿತು ಅಂದರು. ಆ ಹುಡುಗ ಸುಮ್ಮನೆ ಕೂರಲಿಲ್ಲ. ಬಾಗಿಲಿಂದ ಬಾಗಿಲಿಗೆ ಅಲೆದು ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದ. 2024ರ ಸೆಪ್ಟೆಂಬರ್ 30ರಂದು ಅವನಿಗೆ ಸೀಟು ಕೊಡಬೇಕು ಅಂತ ಕೋರ್ಟು ಹೇಳಿತು. ನಾವು ಆ ಹುಡುಗನಿಗೆ ಜೈಭೀಮ್ ಹೇಳೋಣ. ಆದರೆ ಗೆಳೆಯರೇ, ದಿಲ್ಲಿಯವರೆಗೆ ಹೋಗಲಾರದೆ ಅಲ್ಲೇ ಗಂಟುಕಟ್ಟಿದವರ ಲೆಕ್ಕ ಯಾರಿಟ್ಟಿದ್ದಾರೆ? ಅದಕ್ಕೇ ಅರ್ಜಿ ಹಾಕುವ ದಿನದಿಂದಲೇ ಶುಲ್ಕದ ಮೊದಲ ಕಂತು ಎಷ್ಟು, ಯಾವ ದಿನ, ಯಾರ ಕೈಯಿಂದ ಅಂತ ಗೊತ್ತುಮಾಡಿಕೊಂಡಿರಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು? ಇಂಥದ್ದೇ ಓದು ಅಂತ ನಾವು ಹೇಳುವುದಿಲ್ಲ. ಹೇಳಿದರೆ ನಾವೂ ಆ ಗುಮಾಸ್ತನ ಪಕ್ಕದಲ್ಲೇ ಕೂತಂತೆ. ಮೂರು ಪ್ರಶ್ನೆ ಕೊಡುತ್ತೇವೆ, ಉತ್ತರ ನಿನ್ನದು. ಪರೀಕ್ಷೆ ಇಲ್ಲದಿದ್ದರೂ ನೀನು ಕೈಗೆತ್ತಿಕೊಳ್ಳುವ ಪುಸ್ತಕ ಯಾವುದು? ನಿನ್ನ ಮನೆ ನಿನ್ನ ದುಡಿಮೆಗೆ ಎಷ್ಟು ವರ್ಷ ಕಾಯಬಲ್ಲದು, ಮೂರೋ, ಐದೋ? ನಿನ್ನ ಓದಿನಿಂದ ಕೇರಿಗೆ ಏನು ವಾಪಸು ಬರುತ್ತದೆ? ಜಮೀನಿನ ಕೇಸು ನಡೆಸಲು ನಮ್ಮಲ್ಲಿ ವಕೀಲರು ಬೇಕು, ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ ಇದೆ. ಬಜೆಟ್ಟಿನಲ್ಲಿ ನಮ್ಮ ಹೆಸರಿನ ದುಡ್ಡು ಎಲ್ಲಿ ಹೋಯಿತು ಅಂತ ಹಿಡಿಯಲು ಅರ್ಥಶಾಸ್ತ್ರ ಬಲ್ಲವರು ಬೇಕು, ಲೆಕ್ಕಪತ್ರ ಬಲ್ಲವರು ಬೇಕು. ಆಸ್ಪತ್ರೆಯಲ್ಲಿ ನಮ್ಮ ತಾಯಂದಿರನ್ನು ಮುಟ್ಟಿ ಮಾತಾಡಿಸುವ ನರ್ಸು ಬೇಕು, ಡಾಕ್ಟರೂ ಬೇಕು. ನಮ್ಮ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸದ ಮೇಷ್ಟ್ರು ಬೇಕು, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಮೇಷ್ಟ್ರುಗಳನ್ನು ತಯಾರು ಮಾಡುತ್ತಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಅಂತ ಒಂದು ಪರೀಕ್ಷೆ ಇದೆ. ಕಲಬುರಗಿ ಹತ್ತಿರದ ಕಡಗಂಚಿಯಲ್ಲೇ ಅಂಥ ಒಂದು ವಿಶ್ವವಿದ್ಯಾಲಯ ಇದೆ. ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಇನ್ನು ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಮೇಲ್ಜಾತಿಯವರನ್ನು, ಸರ್ಕಾರವನ್ನು ಬೈದು ಕೈತೊಳೆದುಕೊಂಡರೆ ಸಾಲದು.

ನಮ್ಮ ಮನೆಗಳಲ್ಲಿ ತಂಗಿಗೆ ಏನು ಓದಬೇಕು ಅಂತ ಆರಿಸುವವರು ಯಾರು? ನಾವೇ, ಅಣ್ಣಂದಿರು. "ದೂರ ಬೇಡ, ಊರ ಹತ್ತಿರದ ಕಾಲೇಜಲ್ಲಿ ಸಿಕ್ಕಿದ್ದು ಓದ್ಲಿ" ಅಂತ ತೀರ್ಪು ಕೊಡುತ್ತೇವೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೆಳತಿಯೊಬ್ಬಳು ನಮಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ನಿಮಗೆ ಗುಮಾಸ್ತ ಅಡ್ಡ, ನಮಗೆ ನೀವೇ ಅಡ್ಡ." ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುವ ಕೈ ತಂಗಿಯ ಅರ್ಜಿ ಹರಿಯಬಾರದು.

ಎರಡನೆಯ ತಪ್ಪು ಹಿರಿಯರದು. ಹಾಸ್ಟೆಲ್ ಅನ್ನ ಉಂಡು ಕೆಲಸಕ್ಕೆ ಸೇರಿದವರು ಸೈಟು ತಗೊಂಡರು, ಮನೆ ಕಟ್ಟಿದರು, ಗೃಹಪ್ರವೇಶಕ್ಕೆ ಪುರೋಹಿತರನ್ನು ಕರೆದರು. ಬಿಟ್ಟುಬಂದ ಹಾಸ್ಟೆಲ್ಲಿಗೆ ವರ್ಷಕ್ಕೊಂದು ದಿನ ಬಂದು "ತಮ್ಮಾ, ಅರ್ಜಿ ಹೀಗೆ ತುಂಬು" ಅಂತ ಹೇಳಲು ಪುರುಸೊತ್ತಿಲ್ಲ. ಮೇಲ್ಜಾತಿಯ ಹುಡುಗನಿಗೆ ಈ ವಿಷಯ ಯಾರು ಹೇಳುತ್ತಾರೆ? ಮಾವ ಇಂಜಿನಿಯರು, ಅತ್ತೆ ಲೆಕ್ಚರರು, ಪಕ್ಕದ ಮನೆಯವನು ಲಾಯರು. ಊಟದ ಮಣೆ ಮೇಲೇ ಅವನಿಗೆ ಎಲ್ಲ ಗೊತ್ತಾಗುತ್ತದೆ. ಅದನ್ನೇ ಅವರು ಮೆರಿಟ್ ಅಂತಾರೆ. ನಮ್ಮ ಹುಡುಗನಿಗೆ ಮಾವನೂ ಹಾಸ್ಟೆಲ್ಲೇ, ಅತ್ತೆಯೂ ಹಾಸ್ಟೆಲ್ಲೇ. ಹಾಸ್ಟೆಲ್ ಬಾಯಿ ಮುಚ್ಚಿಕೊಂಡರೆ ಅವನಿಗೆ ಹೇಳುವವರು ಯಾರು?

ಆದ್ದರಿಂದ ಈ ವರ್ಷದಿಂದ ಇಷ್ಟು ಮಾಡೋಣ. ಸಿಇಟಿ ಫಲಿತಾಂಶದಿಂದ ಕೊನೆಯ ಸುತ್ತಿನವರೆಗೆ ರಜೆ ಇದ್ದರೂ ಪ್ರತಿ ತಾಲೂಕಿನಲ್ಲಿ ಒಂದು ಹಾಸ್ಟೆಲ್ ತೆರೆದಿರಬೇಕು, ಅಲ್ಲಿ ಕಂಪ್ಯೂಟರು, ಇಂಟರ್‌ನೆಟ್ಟು, ಎರಡು ಹೊತ್ತಿನ ಊಟ ಇರಬೇಕು ಅಂತ ಸಮಾಜ ಕಲ್ಯಾಣ ಇಲಾಖೆಯನ್ನು ಕೇಳೋಣ. ಕೊಡದಿದ್ದರೆ ಕಚೇರಿ ಮುಂದೆ ಕೂರೋಣ. ಆದರೆ ಅವರು ಕೊಡುವವರೆಗೆ ಕಾಯುತ್ತಾ ಇರಬೇಕಿಲ್ಲ. ಡಿಗ್ರಿ ಓದುವ ಪ್ರತಿಯೊಬ್ಬನೂ ಪಿಯುಸಿ ಓದುವ ಒಬ್ಬನನ್ನು, ಪಿಯುಸಿಯವನು ಎಸ್ಸೆಸ್ಸೆಲ್ಸಿಯ ಒಬ್ಬನನ್ನು ತನ್ನವನು ಅಂತ ಹಿಡಿಯಲಿ. ಅವನ ಪತ್ರಗಳನ್ನು ಜನವರಿಯಲ್ಲಿ ನೋಡಲಿ. ಅರ್ಜಿ ತುಂಬುವ ದಿನ ಪಕ್ಕದಲ್ಲಿ ಕೂರಲಿ. ಪಾಸ್‌ವರ್ಡು ಹುಡುಗನ ಕೈಯಲ್ಲೇ ಇರಲಿ. ಎಲ್ಲಕ್ಕಿಂತ ಮೊದಲು ಅವನನ್ನು, ಅವಳನ್ನು ಆ ಒಂದು ಮಾತು ಕೇಳಲಿ: "ನಿನಗೆ ಏನು ಓದಬೇಕು ಅಂತ ಇದೆ?"

ಆ ಪ್ರಶ್ನೆಯನ್ನು ನಮ್ಮ ಅಪ್ಪನಿಗೆ ಯಾರೂ ಕೇಳಲಿಲ್ಲ. ಅಜ್ಜನಿಗೆ ಕೇಳುವ ಮಾತೇ ಇರಲಿಲ್ಲ. ನಮ್ಮ ತಮ್ಮಂದಿರಿಗೆ, ತಂಗಿಯರಿಗೆ ನಾವು ಕೇಳೋಣ. ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕೂರೋಣ.

ಜೈಭೀಮ್.